ಬೆಳೆಯುವ ಕಾಲಿಗೆ ತಂದ ಷೂ

ಆ ಶನಿವಾರ ಬೆಳಿಗ್ಗೆ ಕ್ಲಾಸು ಮುಗಿದು ಮಕ್ಕಳೆಲ್ಲ ಇಳಿದು ಹೋದ ಮೇಲೆ ಕೆಂಪಾಪುರದ ಆ ಬಾಡಿಗೆ ಹಾಲ್‌ನಲ್ಲಿ ಉಳಿದಿದ್ದವರು ಮೂರೇ ಜನ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಂಡಿಯ ಪಟ್ಟಿ ಬಿಚ್ಚುತ್ತಿದ್ದ ನಾನು. ಹತ್ತು ವರ್ಷದ ಒಬ್ಬ ಹುಡುಗಿ. ಮತ್ತೆ ಅವಳ ಅಜ್ಜಿ. ಮನೆಯಲ್ಲಿ ಉರ್ದು ಆಡುವ ಮಂದಿ, ಹಾಗಾಗಿ ಹುಡುಗಿ ಅವರನ್ನು ದಾದಿ ಎನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಅವರು ದಾದಿಯೇ ಆಗಿಬಿಟ್ಟಿದ್ದರು. ಆರ್.ಟಿ. ನಗರದಿಂದ ಆಟೋದಲ್ಲಿ ಮೊಮ್ಮಗಳನ್ನು ಕರೆತಂದು, ಕ್ಲಾಸು ಮುಗಿಯುವವರೆಗೂ ಮೂಲೆಯಲ್ಲಿ ಕೂತು ತಸಬಿ ಮಣಿ ಎಣಿಸುತ್ತಿದ್ದವರು. ನಾಲ್ಕನೆಯವರು, ಆ ಕಟ್ಟಡದ ಯಜಮಾನಿ, ಸ್ವಲ್ಪ ತಡವಾಗಿ ಬಂದರು.

ನಾನು ಕಲಿಸುವುದು ಬ್ಯಾಲೆ. "ಬೆರಳ ತುದಿ ಮೇಲೆ ನಿಂತ್ಕೋತಾರಲ್ಲ, ಅದೇನ್ರೀ?" ಎಂದು ಕೇಳದವರಿಲ್ಲ. ಅದೇ, ಆದರೆ ನನ್ನ ಹತ್ತಿರ ಕಲಿಯುವವರು ಯಾರೂ ಹಾಗೆ ನಿಲ್ಲುವುದಿಲ್ಲ. ನನ್ನ ಪಾಲಿಗೆ ಬಂದಿರುವುದು ಹೊಸಬರು ಮಾತ್ರ. ಹಿಮ್ಮಡಿ ಕೂಡಿಸು, ಮಂಡಿ ಹೊರಗೆ, ಹೊಟ್ಟೆ ಒಳಗೆ, ಭುಜ ಇಳಿಸು. ಇಷ್ಟು ಮೈಗೆ ಹತ್ತುವ ಹೊತ್ತಿಗೆ ಮಗು ಊರೊಳಗಿನ ದೊಡ್ಡ ಸ್ಟುಡಿಯೋಗೆ ಹೋಗುತ್ತದೆ, ಇಲ್ಲವೇ ಅಬಾಕಸ್‌ಗೆ ಹೋಗುತ್ತದೆ. ಆಮೇಲೆ ಇನ್ನೊಂದು ಮಗು, ಮತ್ತೆ ಹಿಮ್ಮಡಿ ಕೂಡಿಸು. ಹಳೇ ಕೂಲಿಮಠದ ಐಗಳು ಕಾಗುಣಿತಕ್ಕೂ ಹೋಗದೆ ಜನ್ಮವೆಲ್ಲ ಅ ಆ ತಿದ್ದಿಸುತ್ತ ಕೂತಂತೆ ನನ್ನ ಬಾಳು. ನನ್ನ ಅಜ್ಜಿ ಇಂಥದ್ದಕ್ಕೆ ಒಂದು ಮಾತು ಹೇಳುತ್ತಿದ್ದಳು: "ಹೆಪ್ಪು ಹಾಕೋಳು ಒಬ್ಬಳು, ಬೆಣ್ಣೆ ತೆಗೆಯೋಳು ಇನ್ನೊಬ್ಬಳು." ಅವಳು ನಗುತ್ತ ಹೇಳುತ್ತಿದ್ದಳು. ನನಗೆ ಈಚೀಚೆಗೆ ಅಷ್ಟು ನಗು ಬರುವುದಿಲ್ಲ. ಎರಡು ಮಹಡಿ ಹತ್ತಿ ಬರುವುದರೊಳಗೇ ಮಂಡಿ ತನ್ನ ಹಾಡು ಶುರು ಮಾಡಿರುತ್ತದೆ.

ಹಾಲ್ ಕಟ್ಟಿಸಿದ್ದು ನಾಮಕರಣ, ನಿಶ್ಚಿತಾರ್ಥಗಳಿಗೆ. ಶುಕ್ರವಾರ ಯಾರದಾದರೂ ಶುಭಕಾರ್ಯವಿದ್ದರೆ ಶನಿವಾರ ಮಕ್ಕಳ ಅಂಗಾಲಿಗೆ ಅಕ್ಷತೆ ಚುಚ್ಚುತ್ತದೆ. ಮಕ್ಕಳು ಹಿಡಿದು ನಿಲ್ಲುವ ಕಂಬಿ, ಬತ್ತಿಹೋದ ಬೋರ್‌ವೆಲ್‌ನಿಂದ ಎತ್ತಿದ ಪೈಪು. ಯಜಮಾನಿಯ ಮಗ ಅದನ್ನೇ ಗೋಡೆಗೆ ಕ್ಲ್ಯಾಂಪ್ ಹೊಡೆಸಿ ಕೂರಿಸಿ ಕೊಟ್ಟಿದ್ದಾನೆ. ಗೋಡೆಯ ಮೇಲೆ ದೇವರ ಪಟ ಇರುವುದರಿಂದ ಒಳಗೆ ಯಾವ ತರಹದ ಪಾದರಕ್ಷೆಯೂ ಬರಕೂಡದು ಎಂಬುದು ಯಜಮಾನಿಯ ಕಟ್ಟಳೆ. ಬ್ಯಾಲೆಗೆ ಮೆತ್ತನೆಯ ಚರ್ಮದ ಷೂ ಬೇಕು ಅಂತ ಮೊದಮೊದಲು ವಾದಿಸಿದೆ, ಆಮೇಲೆ ಬಿಟ್ಟೆ. ಬರಿಗಾಲಲ್ಲೇ ಕಲಿಸುತ್ತೇನೆ. ಭರತನಾಟ್ಯದ ಕ್ಲಾಸು ನೋಡಿ ಬಂದ ಮಕ್ಕಳು ಕಂಬಿ ಹಿಡಿಯುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದನ್ನೂ ತಡೆಯುವುದಿಲ್ಲ. ಒಂದೊಂದು ದಿನ ನಾನೂ ಮುಟ್ಟುತ್ತೇನೆ.

ಆವತ್ತು ದಾದಿ ಕೈಚೀಲದಿಂದ ಒಂದು ರಟ್ಟಿನ ಡಬ್ಬ ತೆಗೆದು ನನ್ನ ಮುಂದೆ ತೆರೆದರು. ಒಳಗೆ ತೆಳು ಗುಲಾಬಿ ಬಣ್ಣದ ಸ್ಯಾಟಿನ್ ಷೂ, ಉದ್ದ ರಿಬ್ಬನ್ನು. ಬೆರಳ ತುದಿಯ ಮೇಲೆ ನಿಲ್ಲುವವರು ಹಾಕಿಕೊಳ್ಳುವಂಥದು.

"ಇವಳ ಚಾಚಾ, ನನ್ನ ಚಿಕ್ಕ ಮಗ, ದುಬೈಯಿಂದ ತಂದಿದ್ದಾನೆ ಟೀಚರಮ್ಮಾ," ಎಂದರು. "ಮುಂದಿನ ವಾರ ವಾಪಸ್ ಹೋಗ್ತಾನೆ. ಅಷ್ಟರೊಳಗೆ ಒಂದು ಸಲ ಇವಳು ಹಾಕ್ಕೊಂಡು ನಿಂತ್ಕೊಳ್ಳಲಿ. ವಿಡಿಯೋ ತೆಗೆದು ತೋರಿಸ್ಬೇಕು."

ನಾನು ಷೂ ಕೈಗೆತ್ತಿಕೊಂಡೆ. ಮೂತಿಯೊಳಗೆ ಬೆರಳು ಹಾಕಿದರೆ ಹತ್ತಿ. ಎಳೆದಷ್ಟೂ ಹತ್ತಿ. ಒಂದು ಸಣ್ಣ ದಿಂಬು ಆಗುವಷ್ಟು ಬಂತು.

"ದಾದಿ, ಇದೇನಿದು?"

"ಬೆಳೆಯೋ ಹುಡುಗಿ ಅಲ್ವಾ? ಎರಡು ನಂಬರ್ ದೊಡ್ಡದೇ ತಗೊಂಡು ಬಾ ಅಂತ ನಾನೇ ಹೇಳಿದ್ದು. ಸ್ಕೂಲ್ ಷೂ ಕೂಡ ಹಂಗೇ ಅಲ್ವಾ ತಗೊಳ್ಳೋದು?"

ನಮ್ಮಲ್ಲಿ ಲಂಗ, ಸ್ವೆಟರು, ಸೈಕಲ್ಲು ಎಲ್ಲವನ್ನೂ ಮುಂದಿನ ವರ್ಷದ ಮಗುವಿಗೇ ತರುವುದು. ಆದರೆ ಈ ಷೂ ಕಾಲಿಗೆ ಮೈಚರ್ಮದ ಹಾಗೆ ಅಂಟಿಕೊಂಡಿರಬೇಕು. ಇಡೀ ಮೈಯ ಭಾರ ಬೀಳುವುದು ಆ ಗಟ್ಟಿ ಮೂತಿಯ ಮೇಲೆ. ಒಳಗೆ ಕಾಲು ಜಾರಿತೋ, ಪಾದದ ಗಂಟು ಹೊರಳಿತೆಂದೇ ಲೆಕ್ಕ. ಅಳತೆ ಸರಿಯಿದ್ದರೂ ಹತ್ತರ ವಯಸ್ಸಿಗೆ ಪಾದದ ಎಲುಬು ಇನ್ನೂ ಎಳಸು. ಇದನ್ನೇ ಎಷ್ಟು ತಾಯಂದಿರಿಗೆ ಹೇಳಿದ್ದೇನೋ. ಹೇಳಿಸಿಕೊಂಡವರು ಮುಖ್ಯರಸ್ತೆಯ ಇನ್ನೊಂದು ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ ಎಲ್ಲದಕ್ಕೂ ಹೂಂ.

"ಈಗಲೇ ಬೇಡ ದಾದಿ. ಕಾಲು ಕೆಡುತ್ತೆ."

ದಾದಿ ನನ್ನ ಕಡೆ ಬಾಗಿದರು. ಹುಡುಗಿಗೆ ಕೇಳದಂತೆ ದನಿ ತಗ್ಗಿಸಿದರು. "ಇದರಪ್ಪ ಏನಂದ ಗೊತ್ತಾ? ಇಷ್ಟು ದಿನದಿಂದ ಹೋಗ್ತಾ ಇದೆ, ಷೂ ಹಾಕೋಕೂ ಬರಲ್ಲ ಅಂದ್ರೆ ಇನ್ನೇನು ಕಲೀತು? ಬಿಡಿಸ್ಬಿಡ್ತೀನಿ, ಶನಿವಾರ ಲೆಕ್ಕದ ಟ್ಯೂಷನ್‌ಗೆ ಹೋಗಲಿ ಅಂದ. ಒಂದೇ ಒಂದ್ ನಿಮಿಷ, ಟೀಚರಮ್ಮಾ. ನಾನೇ ಕೈ ಹಿಡ್ಕೊಂಡಿರ್ತೀನಿ."

ಹುಡುಗಿ ಕಿಟಕಿಯ ಬಳಿ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ನಮ್ಮ ಕಡೆ ನೋಡದೆ ಬಲಗಾಲಿನ ಬೆರಳಿಂದ ನೆಲ ಸವರಿ ಮುಂದಕ್ಕೆ ಚಾಚುತ್ತಿದ್ದಳು, ಮತ್ತೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಫ್ರೆಂಚಿನಲ್ಲಿ ಅದಕ್ಕೆ ತಾಂದ್ಯು ಅನ್ನುತ್ತಾರೆ. ನಾನು ಮಕ್ಕಳಿಗೆ, ಕಾಲಲ್ಲಿ ರಂಗೋಲಿ ಎಳೆ ಎಳೆಯಿರಿ ಎನ್ನುತ್ತೇನೆ. ನಿಲ್ಲಿಸು ಅಂದರೂ ನಿಲ್ಲಿಸದೆ ಅದನ್ನೇ ಮಾಡುತ್ತಿದ್ದ ಮಗು ನನ್ನ ಕ್ಲಾಸಿನಲ್ಲಿ ಅದೊಂದೇ. ಒಂದು ನಿಮಿಷ, ಹೂಂ ಅಂದುಬಿಡಲೇ ಅನ್ನಿಸಿತು. ಬೇಡ ಬೇಡ ಅಂದು ಅಂದು ನನ್ನ ನಾಲಿಗೆಯೂ ಸವೆದಿತ್ತು.

ಅಷ್ಟರಲ್ಲಿ ಯಜಮಾನಿ ಮೆಟ್ಟಿಲು ಹತ್ತಿ ಬಂದರು. ಹಿಂದೆ ಈ ಕಟ್ಟಡ ನಿಂತಿರುವ ಕಡೆ ರಾಗಿ ಬೆಳೆದವರು. ಈಗ ಬಾಡಿಗೆ ಬೆಳೆಯುತ್ತೇವೆ ಅಂತ ಅವರೇ ಹೇಳಿಕೊಳ್ಳುತ್ತಾರೆ. ಬಾಗಿಲಲ್ಲೇ ಅವರ ಕಣ್ಣಿಗೆ ಷೂ ಬಿತ್ತು.

"ಅಯ್ಯೋ ಶಿವನೇ! ಒಳೀಕೆ ಎಕ್ಕಡ ತಂದವ್ರಲ್ಲವ್ವಾ!"

"ಹೊಸದು ಗೌಡ್ತಮ್ಮ, ನೆಲಕ್ಕೇ ಇಟ್ಟಿಲ್ಲ," ಎಂದರು ದಾದಿ ಅವಸರವಾಗಿ.

ಯಜಮಾನಿ ಬಂದು ಸ್ಯಾಟಿನ್ನು ಮುಟ್ಟಿ ನೋಡಿದರು. "ರೇಸ್ಮೆ ಇದ್ದಂಗದೆ. ಮದ್ವೆ ಹೆಣ್ಣಿಗಾ?" ಆಮೇಲೆ ನನ್ನ ಮಡಿಲಲ್ಲಿದ್ದ ಹತ್ತಿ ಕಂಡು, ಅದು ಎಲ್ಲಿಂದ ಬಂತೆಂದು ಕೇಳಿ ತಿಳಿದುಕೊಂಡು, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ನಮ್ಮತ್ತೇನೂ ಇಂಗೇ ಕಣಕ್ಕಾ! ನನ್ ಮದ್ವೆಗೆ ತಂದ ಮೆಟ್ಟು ನನ್ ಕಾಲ್ಗೆ ಸರಿಹೋಗಿದ್ದು ದೊಡ್ಡ ಮಗ ಉಟ್ಟಿದ್ ಮ್ಯಾಲೆ."

"ಅಲ್ಲೀತನಕ ಏನ್ ಮಾಡಿದ್ರಿ?" ಎಂದರು ದಾದಿ. ಅವರಿಗೂ ನಗು ಬರುತ್ತಿತ್ತು.

"ಏನ್ ಮಾಡೋದು? ಪೆಟ್ಟಿಗೇಲಿ ಮಡಗಿ ಬರಿಗಾಲಾಗೆ ಗೇದೆ. ಮೆಟ್ಟು ಬಂತು ಅಂತ ಕಾಲು ಎಳ್ದು ಉದ್ದ ಮಾಡಕಾಯ್ತದಾ?"

ಅಷ್ಟು ಹೊತ್ತು ನನಗೆ ಸಿಗದಿದ್ದ ಮಾತು ಆಗ ಸಿಕ್ಕಿತು. ಹುಡುಗಿಯನ್ನು ಕರೆದೆ. ಕಂಬಿ ಹಿಡಿದು, ಬರಿಗಾಲಲ್ಲಿ, ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಿ ನಿಲ್ಲಲು ಹೇಳಿದೆ. ನಿಂತಳು. ಕ್ಷಣದಲ್ಲೇ ಪಾದದ ಗಂಟು ಅದುರತೊಡಗಿತು, ಒಳಕ್ಕೆ ವಾಲಿತು. ಅವಳು ತುಟಿ ಕಚ್ಚಿ ಕೆಳಗೆ ನೋಡಿದಳು. ದಾದಿಯೂ ನೋಡಿದರು.

"ಈ ಅದುರೋದು ನಿಲ್ಲಬೇಕು," ಎಂದೆ. "ಆಮೇಲೆ ಷೂ ಕಾಲಿಗೆ ಸರಿಯಾಗಬೇಕು. ಎರಡೂ ಒಟ್ಟಿಗೆ ಬಂದ ದಿನ ನಾನೇ ರಿಬ್ಬನ್ ಕಟ್ತೀನಿ. ದಾದಿ, ಮನೇಲಿ ಕೇಳಿದ್ರೆ ಹೇಳಿ, ದೊಡ್ಡದು ತಂದಿರೋದೇ ಬೆಳೆದ ಮೇಲೆ ಹಾಕ್ಕೊಳ್ಳೋಕೆ ಅಂತ. ಸುಳ್ಳೇನಲ್ಲವಲ್ಲ."

ದಾದಿ ಹತ್ತಿಯನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ತುಂಬಿಕೊಂಡರು. "ಸುಳ್ಳಲ್ಲ. ನಾನೇ ಅಲ್ವಾ ನಂಬರ್ ಹೇಳಿದ್ದು."

"ಹಂಗಾದ್ರೆ ಚಾಚಾಗೆ ವಿಡಿಯೋ?" ಎಂದಳು ಹುಡುಗಿ. ದನಿ ಅಳುವಿನ ಅಂಚಿನಲ್ಲಿತ್ತು.

"ಈಗ ಕಿಟಕಿ ಹತ್ರ ಏನು ಮಾಡ್ತಿದ್ದೆ? ಅದನ್ನೇ ಮಾಡು."

ಮಾಡಿದಳು. ಪಾದ ನೆಲ ಬಿಡದೆ ಜಾರಿ, ಕಮಾನು ಎದ್ದು, ಬೆರಳು ನೀಳವಾಗಿ ಚಾಚಿ, ಅಷ್ಟೇ ನಿಧಾನಕ್ಕೆ ಹಿಂದೆ ಬಂತು. ದಾದಿ ಫೋನು ಹಿಡಿದರು. ಯಜಮಾನಿ ಪಕ್ಕದಿಂದ, "ಉಸಾರು ಕಣಕ್ಕಾ, ಗೋಡೆ ಮಾತ್ರ ಬತ್ತೈತೆ, ಕೆಳ್ಗೆ ಇಳ್ಸು, ಕಾಲು ಕಾಣ್ಲಿ," ಎಂದು ಹೇಳುತ್ತಿದ್ದರು. ಆ ವಿಡಿಯೋದಲ್ಲಿ ಹುಡುಗಿಯ ಕಾಲಿಗಿಂತ ಅವರ ಮಾತೇ ಜಾಸ್ತಿ ಇದೆಯಂತೆ. ಚಾಚಾ ಅದನ್ನು ತೆಗೆದುಕೊಂಡು ದುಬೈಗೆ ಹೋದ. ಅಪ್ಪ ಟ್ಯೂಷನ್ನಿನ ಮಾತನ್ನು ಷೂ ಸರಿಹೋಗುವವರೆಗೆ ಮುಂದೂಡಿದನೆಂದು ದಾದಿ ಹೇಳಿದರು. ಅಂದರೆ ಮುಂದೂಡಿದ್ದು, ಬಿಟ್ಟದ್ದಲ್ಲ.

ಅಲ್ಲಿಂದಾಚೆಗೆ ಆ ಡಬ್ಬ ಆಗಾಗ ಬರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ ಷೂ ತೊಡಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡುತ್ತಿದ್ದೆ. ಜಾಗ ಇನ್ನೂ ಇದೆ ಎಂದರೆ ಬಿಚ್ಚಿ, ಮಡಿಸಿ, ಡಬ್ಬಕ್ಕೆ. ಆಮೇಲೆ ಒಂದೇ ಕಾಲಲ್ಲಿ ನಿಲ್ಲುವುದು. ಗಂಟು ಅದುರುವುದು ಕಡಿಮೆಯಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಯಜಮಾನಿ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ, "ಏನಮ್ಮಣ್ಣಿ, ಎಲ್ಲೀಗಂಟ ಬಂತು ನಿನ್ ಕಾಲು?" ಎಂದು ಕೇಳುವರು. ಈ ನಡುವೆ ಬೇರೆ ಮಕ್ಕಳು ಹೋದರು, ಬೇರೆ ಮಕ್ಕಳು ಬಂದರು. ನಾನು ಹಿಮ್ಮಡಿ ಕೂಡಿಸು ಎನ್ನುತ್ತಲೇ ಇದ್ದೆ. ಈ ಕಲಿಸುವ ಕೆಲಸ ಈ ವರ್ಷಕ್ಕೆ ಸಾಕು ಎಂದು ಒಂದೆರಡು ಸಲ ಮನೆಯಲ್ಲಿ ಹೇಳಿಯೂ ಇದ್ದೆ.

ಮರುವರ್ಷ ಬೇಸಿಗೆ ರಜೆಗೆ ಹುಡುಗಿ ತಾಯಿಯ ತವರಿಗೆ ಹೋದಳು. ತಿರುಗಿ ಬಂದಾಗ ದಾದಿಯ ಭುಜ ದಾಟಿ ಬೆಳೆದಿದ್ದಳು. ಕಿಟಕಿ ಕಟ್ಟೆಯ ಮೇಲೆ ಕೂರಿಸಿ ಷೂ ತೊಡಿಸಿದೆ. ಹಿಮ್ಮಡಿ ಒಳಗೆ ಹೋಗಲಿಲ್ಲ. ಒಮ್ಮೆಯೂ ನೆಲ ಮುಟ್ಟದ ಷೂ ಆಗಲೇ ಚಿಕ್ಕದಾಗಿತ್ತು. ದಾದಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ರಿಬ್ಬನ್ ಸುತ್ತಿ, ಡಬ್ಬ ಮುಚ್ಚಿ, "ಚಲೋ ಬೇಟಾ," ಎಂದು ಎದ್ದರು. ಇಬ್ಬರೂ ಮೆಟ್ಟಿಲು ಇಳಿದು ಹೋದರು. ಅಪ್ಪ ಕೊಟ್ಟಿದ್ದ ಗಡುವು ಮುಗಿಯಿತು, ಇನ್ನು ಬರುವುದಿಲ್ಲ ಎಂದುಕೊಂಡೆ.

ಮುಂದಿನ ಶನಿವಾರ ನಾನು ಹೋಗುವ ಹೊತ್ತಿಗೆ ಇಬ್ಬರೂ ಬಾಗಿಲ ಬಳಿ ಕೂತಿದ್ದರು. ಟ್ಯೂಷನ್ನು ಭಾನುವಾರಕ್ಕೆ ಹಾಕಿಸಿಕೊಂಡಿದ್ದಾಳೆ, ಅವಳೇ ಅಪ್ಪನ ಹತ್ತಿರ ಮಾತಾಡಿದಳು ಎಂದರು ದಾದಿ. ಡಬ್ಬ ತಂದಿರಲಿಲ್ಲ. ನಾನು ಬೀಗ ತೆಗೆದೆ. ಹುಡುಗಿ ಚಪ್ಪಲಿ ಹೊರಗೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಂಬಿ ಹಿಡಿದು ನಿಂತಳು.