ಸತ್ತ ಕಾಲಿನ ಉರಿ

ರಾಜಾರಾಮನನ್ನು ನಾನು ಇವತ್ತಿಗೂ ಮಾತಾಡಿಸುವುದಿಲ್ಲ. ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ, ಇಲ್ಲದಿದ್ದರೆ ಕೈ ಏಳುತ್ತದೆ. ನಾಲ್ಕು ವರ್ಷದ ಹಿಂದೆ ಸಾರವಾಡದಲ್ಲಿ, ಆರು ಜನರ ಮುಂದೆ, ಅವನು ತನ್ನ ತಂಗಿಯ ಗಂಡನ ಅಂಗಾಲಿಗೆ ದಬ್ಬಣ ಚುಚ್ಚಿ ನಕ್ಕ.

ಆ ತಂಗಿಯ ಗಂಡನೇ ಸಿದ್ದರಾಮ. ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟವನು. ಆದರೂ ಅವನ ಕಥೆಯನ್ನು ಯಾರಾದರೂ ಬರೆಯಲೇಬೇಕು. ಬೇರೆ ಯಾರೂ ಬರೆಯಲಿಲ್ಲ, ನಾನೇ ಕೂತೆ.

ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಿಗೆ ಆಳು ಕರೆದೊಯ್ಯುವ ಮೇಸ್ತ್ರಿ ನಾನು. ಶೆಡ್ಡೆಂದರೆ ಒಂದರ ಮೇಲೊಂದು ಹನ್ನೊಂದು ಜಾಳಿಗೆ, ತಂತಿಯ ಮೇಲೆ ಬಿಗಿದ ಬಲೆಯ ಅಂತಸ್ತುಗಳು. ಔಷಧದ ನೀರಿನಲ್ಲಿ ಅದ್ದಿದ ದ್ರಾಕ್ಷಿಯನ್ನು ಅವುಗಳ ಮೇಲೆ ತೆಳ್ಳಗೆ ಹರವಬೇಕು. ತಗಡಿನ ಕೆಳಗಿನ ಮೇಲ್ಜಾಳಿಗೆಗೆ ಹತ್ತುವುದೆಂದರೆ ಎಲ್ಲರಿಗೂ ಹೊಟ್ಟೆನೋವು ಬರುತ್ತಿತ್ತು. ಸಿದ್ದರಾಮ ಮಾತ್ರ ಚಪ್ಪಲಿ ಕಳಚಿ ಏರುತ್ತಿದ್ದ. ಅವನ ಕಾಲಬೆರಳುಗಳು ಕಬ್ಬಿಣದ ಕಂಬವನ್ನು ಹಲ್ಲಿಯ ಹಾಗೆ ಹಿಡಿಯುತ್ತಿದ್ದವು. "ಲೇ ಸಿದ್ಯಾ, ನಿನಗ ಕಾಲ ಅಲ್ಲೋ, ಅವೂ ಕೈನ ಅದಾವು" ಎಂದು ನಾವು ಕೆಳಗಿನಿಂದ ಕೂಗುತ್ತಿದ್ದೆವು. ಅವನು ಮೇಲಿನಿಂದ ನಮ್ಮ ತಲೆಗೆ ದ್ರಾಕ್ಷಿ ಎಸೆಯುತ್ತಿದ್ದ.

ಒಂಬತ್ತು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಜಾಳಿಗೆಯ ತಂತಿ ಹರಿದು ಸಿದ್ದರಾಮ ಮೇಲಿನಿಂದ ಬಿದ್ದ. ಕೆಳಗಿದ್ದ ಕ್ರೇಟಿನ ಅಂಚಿಗೆ ಅವನ ಬೆನ್ನು ಬಡಿಯಿತು. ನಾನು ಓಡಿಹೋದಾಗ ಕಣ್ಣು ಮುಚ್ಚಿದ್ದ. ಬಲಗಾಲಿನ ಹೆಬ್ಬೆರಳು ಅಲುಗಾಡಿತು. ಅದನ್ನು ನೋಡಿ ನನಗೆ ಧೈರ್ಯ ಬಂತು. ಅಂಬುಲೆನ್ಸಿಗೆ ಕಾಯುವ ಜಾಯಮಾನ ನನ್ನದಲ್ಲ. ಅವನನ್ನು ಎತ್ತಿ ಮೋಟರ್ ಸೈಕಲ್ ಮೇಲೆ ನಡುವೆ ಕೂಡಿಸಿದೆ, ಹಿಂದಿನಿಂದ ಶೆಡ್ಡಿನ ಆಳು ಉಮರ ತಬ್ಬಿ ಹಿಡಿದುಕೊಂಡ. ಇಪ್ಪತ್ತೈದು ಮಿನಿಟಿನಲ್ಲಿ ವಿಜಯಪುರ ಮುಟ್ಟಿಸಿದೆ. ಈ ಮಾತನ್ನು ವರ್ಷಗಟ್ಟಲೆ ಮೀಸೆ ಮುಟ್ಟಿಕೊಂಡು ಹೇಳಿದ್ದೇನೆ.

ಜೀವ ಉಳಿಯಿತು, ಸೊಂಟದ ಕೆಳಗೆ ಅರಿವು ಹೋಯಿತು. ಸಾರವಾಡದ ಮನೆಯ ಪಡಸಾಲೆಯಲ್ಲಿ ಗಾಲಿ ಕುರ್ಚಿಯ ಮೇಲೆ ಕೂತು ಶೆಡ್ಡುಗಳ ಹರಿದ ಜಾಳಿಗೆ ಹೊಲಿಯುವ ಕೆಲಸ ಹಿಡಿದ. ಅವನನ್ನು ಕೆಡವಿದ ಜಾಳಿಗೆಯನ್ನೂ ಅವನೇ ಹೊಲಿದ. ಅಷ್ಟರಲ್ಲಿ ಉರಿ ಶುರುವಾಯಿತು. ಎರಡೂ ಪಾದ ಕಾದ ಹಂಚಿನ ಮೇಲೆ ಇಟ್ಟ ಹಾಗೆ. ಅಂಗಿಯ ಅಂಚು ಸೊಂಟಕ್ಕೆ ತಾಗಿದರೆ ಬೆಚ್ಚಿಬೀಳುತ್ತಿದ್ದ. ಅದರ ಕೆಳಗೆ ಕೊಡಲಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಇದನ್ನು ಯಾರು ನಂಬುತ್ತಾರೆ? ದವಾಖಾನೆಯವರು ಕೊಟ್ಟ ಗುಳಿಗೆಯನ್ನು ನೋಡಿ ಔಷಧದ ಅಂಗಡಿಯವನು, "ಇವು ಫಿಟ್ಸಿನ ಗುಳಿಗಿ ಅದಾವಲ್ರಿ, ನಿಮ್ಮ ಮನಿಯವರಿಗೆ ಫಿಟ್ಸ್ ಬರತಾವೇನ್ರಿ?" ಎಂದು ಕೇಳಿದ. ಹೆಂಡತಿ ಗೌರಾಬಾಯಿ ಹೆದರಿ ಗುಳಿಗೆ ನಿಲ್ಲಿಸಿದಳು. ಉರಿ ಇಮ್ಮಡಿಯಾಯಿತು. ಅವನು ಚೀರತೊಡಗಿದ.

ಆಗ ರಾಜಾರಾಮ ಬಂದ. ತಂಗಿಯನ್ನು ತವರಿಗೆ ಕರೆದೊಯ್ಯುತ್ತೇನೆಂದು ಹಿರಿಯರನ್ನು ಕೂಡಿಸಿದ.

"ಕಾಲ ಸತ್ತ ಹೋಗ್ಯಾವು, ಇಂವಾ ಉರೀತಾವ ಅಂತಾನ. ನಮ್ಮ ತಂಗಿ ದಿನಾ ಕಾಲ ಒತ್ತಲಿ ಅಂತ ನಾಟಕ ಮಾಡಾಕತ್ತಾನ. ನೋಡ್ರಿ ಬೇಕಾರ" ಎಂದವನೇ, ಸಿದ್ದರಾಮನ ತೊಡೆಯ ಮೇಲಿದ್ದ ದಬ್ಬಣ ತೆಗೆದು ಅಂಗಾಲಿಗೆ ಚುಚ್ಚಿದ. ಸಿದ್ದರಾಮ ಮಿಸುಕಲಿಲ್ಲ. "ನೋಡಿದ್ರ್ಯಾ?" ಎಂದು ರಾಜಾರಾಮ ನಕ್ಕ. ಕೂತ ಹಿರಿಯರೂ ನಕ್ಕರು. ಗೌರಾಬಾಯಿ ನಗಲಿಲ್ಲ, ಆದರೆ ಗಂಡನ ಮುಖವನ್ನು ಸಂಶಯದಿಂದ ನೋಡಿದಳು. ಸಿದ್ದರಾಮನ ಕಣ್ಣಲ್ಲಿ ನೀರು ಬಂದದ್ದು ಆಗ.

ನಾನು ರಾಜಾರಾಮನ ಕೊರಳಪಟ್ಟಿ ಹಿಡಿದೆ. ಬಿಡಿಸಲು ನಾಲ್ಕು ಜನ ಬೇಕಾದರು. ಆ ತೂತು ಹುಣ್ಣಾಗಿ ಮಾಯಲು ನಾಲ್ಕು ತಿಂಗಳು ಹಿಡಿಯಿತು.

"ಎಂಟ ದಿನದಾಗ ಇದು ಖರೇನ ಬ್ಯಾನಿ ಅಂತ ಡಾಕ್ಟರ ಕಡಿಂದ ಹೇಳಸ್ತೇನಿ. ಇಲ್ಲಂದ್ರ ನೀ ತವರಿಗಿ ಹೋಗವಾ, ನಾ ಅಡ್ಡ ಬರೂದಿಲ್ಲ" ಎಂದು ಗೌರಾಬಾಯಿಗೆ ಮಾತು ಕೊಟ್ಟು, ಇಬ್ಬರನ್ನೂ ವಿಜಯಪುರದ ಜಲನಗರದ ನರದ ಡಾಕ್ಟರ್ ಸ್ನೇಹಲ ಅವರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ನಗಲಿಲ್ಲ. ಗೌರಾಬಾಯಿಯನ್ನೇ ಹತ್ತಿರ ಕೂಡಿಸಿಕೊಂಡು ಹೇಳಿದರು. "ನೋಡವಾ, ಬೆನ್ನಹುರಿ ಅಂದ್ರ ಸುದ್ದಿ ಹೋಗಿಬರೋ ಹಾದಿ. ಅದು ನಡುವ ಕಡದೈತಿ. ಅದಕ್ಕ ದಬ್ಬಣದ ಸುದ್ದಿ ಮ್ಯಾಲ ಹೋಗೂದಿಲ್ಲ. ಆದ್ರ ಈ ಉರಿ ಹುಟ್ಟೂದು ಕಾಲಿನಾಗ ಅಲ್ಲ. ಪೆಟ್ಟ ಬಿದ್ದ ಜಾಗಾದಾಗಿನ ನರಕೋಶ, ಯಾರೂ ಮುಟ್ಟದಿದ್ರೂ ತಾವ ಸುದ್ದಿ ಕಳಸ್ತಾವು. ಅವನ್ನ ಸುಮ್ಮನ ಕೂಡಸೋ ಕೋಶ ಇರತಾವು, ಗಾಡಿಗಿ ಬ್ರೇಕ್ ಇದ್ದಂಗ. ಪೆಟ್ಟ ಬಿದ್ದು ಅವು ಸತ್ತಾವು. ಮಿದುಳಿಗೆ ಇದು ಕಾಲಿಂದ ಬಂದ ಸುದ್ದಿ ಅಂತನ ಅನಸತೈತಿ."

"ಐದ ವರ್ಷ ಆತಲ್ರಿ ಬಾಯಾರ, ಗಾಯ ಇನ್ನಾ ಮಾದಿಲ್ಲೇನ್ರಿ?" ಎಂದು ಗೌರಾಬಾಯಿ ಕೇಳಿದಳು.

"ಗಾಯ ಮಾದೈತಿ. ಹುರಿಯೊಳಗ ಕಾವಲ ಕಾಯೋ ಸಣ್ಣ ಕೋಶ ಅದಾವು. ಬಿದ್ದ ದಿನ ಎಚ್ಚರಾದವು, ಮತ್ತ ಮಲಗೇ ಇಲ್ಲ. ಕಳ್ಳ ಬಂದ ಹೋಗಿ ಐದ ವರ್ಷಾತು, ನಾಯಿ ಇನ್ನಾ ಬೊಗಳಾಕತ್ತಾವು. ಅವು ಬಿಡೋ ರಸ ನರಾ ಕೆಣಕತೈತಿ. ಫಿಟ್ಸಿನಾಗೂ ನರಕೋಶ ಹಿಂಗ ತಾವ ಸಿಡೀತಾವು, ಅದಕ್ಕ ಅದ ಗುಳಿಗಿ. ಪೂರ್ತಿ ಹೋಗೂದಿಲ್ಲ, ಒಂದೀಟು ಇಳೀತೈತಿ. ನೀವು ಒಮ್ಮೆಲೇ ನಿಲ್ಲಸಬಾರದಿತ್ತು."

ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಂಡನಿಗೆ, "ಹೇಳಬಾರದೇನ್ರಿ?" ಎಂದಳು.

"ಚೀರಿ ಚೀರಿ ಹೇಳೇನಲ್ಲ ಬೇ" ಎಂದ ಸಿದ್ದರಾಮ.

ಎದ್ದು ಬರುವಷ್ಟರಲ್ಲಿ ಡಾಕ್ಟರಮ್ಮ ಚೀಟಿ ಬರೆಯುತ್ತ ಕೇಳಿದರು, "ಬಿದ್ದ ದಿನ ದವಾಖಾನಿಗೆ ಹ್ಯಾಂಗ ತಂದ್ರು?"

ಸಿದ್ದರಾಮನೇ ಎದೆಯುಬ್ಬಿಸಿ ಹೇಳಿದ, "ನಮ್ಮ ಶಂಕ್ರೆಪ್ಪಣ್ಣ ಗಾಡಿ ಮ್ಯಾಲ ನಡುವ ಕೂಡಿಸಿಕೊಂಡು ತಂದಾನ್ರಿ. ಇಪ್ಪತ್ತೈದ ಮಿನಿಟಿನಾಗ!"

ಪೆನ್ನು ನಿಂತಿತು. ಅವರು ನನ್ನನ್ನು ನೋಡಲಿಲ್ಲ.

"ಏನೈತಿ ಹೇಳ್ರಿ ಬಾಯಾರ" ಎಂದೆ, ಧ್ವನಿ ಏರಿಸಿ.

"ಹಲಗಿ ಮ್ಯಾಲ ಅಲುಗಾಡದಂಗ ಮಲಗಿಸಿ ತರಬೇಕಿತ್ರಿ. ಎಲುಬು ಮುರದಾಗ ಕೂಡಿಸಿದ್ರ, ಮುರದ ತುಂಡು ಹುರಿಗಿ ಒತ್ತಬಹುದು. ಒತ್ತೇತೋ ಇಲ್ಲೋ, ಈಗ ಯಾರೂ ಹೇಳಾಕ ಬರೂದಿಲ್ಲ."

ಶೆಡ್ಡಿನ ಗೋಡೆಗೆ ಅವತ್ತು ಎಂಟು ಹಲಗೆ ಆನಿಸಿ ಇಟ್ಟಿದ್ದರು! ದ್ರಾಕ್ಷಿ ಎಲೆಗೆ ಬೂದಿರೋಗ ಬಂದರೆ ಔಷಧದ ಕಂಪನಿಯವರು ಕಾರಿನಲ್ಲಿ ಬಂದು ಮೀಟಿಂಗ್ ಮಾಡಿ ಚಹಾ ಕುಡಿಸುತ್ತಾರೆ. ಬೆನ್ನು ಮುರಿದ ಮನುಷ್ಯನನ್ನು ಹೇಗೆ ಎತ್ತಬೇಕೆಂದು ಹೇಳಲು ಯಾವ ಮಗ ಬಂದಿದ್ದ? ಹನ್ನೊಂದು ಜಾಳಿಗೆಯ ಮೇಲೆ ಆಳು ಹತ್ತಿಸುವ ಮಾಲಕರಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಎನಿಸಿಕೊಂಡ ನನಗೂ ಗೊತ್ತಿರಲಿಲ್ಲ. ರಾಜಾರಾಮ ಚುಚ್ಚಿದ್ದಾದರೂ ಅರಿವು ಸತ್ತ ಕಾಲಿಗೆ.

ಹೊರಗೆ ಗೌರಾಬಾಯಿ ಗುಳಿಗೆ ತರಲು ಹೋದಾಗ ಹೇಳಿಬಿಟ್ಟೆ. "ಸಿದ್ಯಾ, ನಾ ನಿನ್ನ ಎತ್ತೂಕಿಂತ ಮೊದಲ ನಿನ್ನ ಹೆಬ್ಬಟ್ಟ ಅಲಗ್ಯಾಡಿತ್ತೋ. ದವಾಖಾನಿಗೆ ಬಂದ ಮ್ಯಾಲ ಅಲಗ್ಯಾಡಲಿಲ್ಲ."

ಆಟೋದವರು ಹಾರ್ನ್ ಹೊಡೆಯುತ್ತಲೇ ಇದ್ದರು.

"ಯಾವ ಕಾಲಿಂದು?" ಎಂದ ಸಿದ್ದರಾಮ.

"ಬಲಗಾಲಿಂದು."

ಬಲಗಾಲನ್ನು ನೋಡಿಕೊಂಡ. "ಹಂಗಾರ ನೀ ನನಗ ಕೊಡೂದೈತಿ ಅಣ್ಣಾ."

"ಏನ ಬೇಕ ಕೇಳ. ಇಲ್ಲ ಅನ್ನೂದಿಲ್ಲ."

"ಈ ಉರಿ ಒಂದ ದಿನ ನೀ ಇಟ್ಟಕೋ. ಒಂದ ದಿನ ಸಾಕು. ನಾ ನಿದ್ದಿ ಮಾಡ್ತೇನಿ."

ಗೌರಾಬಾಯಿ ತವರಿಗೆ ಹೋಗಲಿಲ್ಲ. ಈಗ ಗುಳಿಗೆಯನ್ನು ಹೊತ್ತು ಹೊತ್ತಿಗೆ ಅವಳೇ ಎಣಿಸಿ ಕೊಡುತ್ತಾಳೆ. ಉರಿ ಇಳಿದಿದೆ, ಹೋಗಿಲ್ಲ. ಹರಿದ ಜಾಳಿಗೆ ತೆಗೆದುಕೊಂಡು ನಾನು ಸಾರವಾಡಕ್ಕೆ ಹೋದಾಗಲೆಲ್ಲ ಅವನು ದಬ್ಬಣಕ್ಕೆ ದಾರ ಪೋಣಿಸುತ್ತ ಕೇಳುತ್ತಾನೆ, "ಏನಣ್ಣಾ, ಇವತ್ತರ ಒಯ್ತಿಯೇನು?" ನಗುತ್ತಾನೋ ಬೈಯುತ್ತಾನೋ ನನಗೆ ತಿಳಿಯುವುದಿಲ್ಲ. ನಾನು ಅವನ ಅಂಗಿಯ ಅಂಚನ್ನು ಸೊಂಟಕ್ಕೆ ತಾಗದ ಹಾಗೆ ಮೇಲಕ್ಕೆ ಮಡಚಿ, ಬರಿಗೈಯಲ್ಲಿ ಬಸ್ಸು ಹತ್ತುತ್ತೇನೆ.