ನರಸಮ್ಮನ ಕಳಶದ ನೀರು

ರಾಜಾಜಿನಗರದ ಬ್ಲಾಕುಗಳು ಆಗತಾನೇ ಏಳುತ್ತಿದ್ದ ಕಾಲ. ಪಕ್ಕದ ಹಳ್ಳಿಯಲ್ಲಿ ನರಸಮ್ಮ ಎಂಬಾಕೆ ಪುಟ್ಟ ಕೆರೆಯಂಥ ಊರ ಕುಂಟೆಯ ನೀರು ಹೊತ್ತು ದಂಟು, ಕೀರೆ ಸೊಪ್ಪು ಬೆಳೆದು ಬದುಕುತ್ತಿದ್ದಳು. ಬಾಯಿ ಜೋರು, ಭಕ್ತಿ ಅದಕ್ಕಿಂತ ಜೋರು. ಆ ವರ್ಷ ಕುಂಟೆ ನಾರತೊಡಗಿತು. ಅಬ್ಬಬ್ಬಾ, ಅದೆಂಥ ನಾತ! ಊಟಕ್ಕೆ ಕೂತವರು ಮೂಗು ಮುಚ್ಚಿಕೊಂಡೇ ತುತ್ತು ನುಂಗಬೇಕು.

ಗಂಗಮ್ಮ ಮುನಿದಿದ್ದಾಳೆ ಎಂದು ನರಸಮ್ಮ ಊರ ಹೆಂಗಸರನ್ನೆಲ್ಲ ಪೂಜೆಗೆ ಹೊರಡಿಸಿದಳು. ಶುಕ್ರವಾರ ಬಂತೆಂದರೆ ಬುಟ್ಟಿಗಟ್ಟಲೆ ಕಣಗಿಲೆ, ಚೆಂಡುಹೂವು, ಬೇವಿನಸೊಪ್ಪು ನೀರಿಗೆ ಬೀಳುತ್ತಿತ್ತು. ನಾತ ಇಳಿಯುವ ಬದಲು ಏರಿತು. ಕಡೆಗೆ ಪಟೇಲ ಅಂಜಿನಯ್ಯ ಹೇಳಿಬಿಟ್ಟ: "ಸೋಮವಾರ ಗಾಡಿ ಕಟ್ಟಿ ಮಣ್ಣು ಹೊಡೆಸ್ತೀನಿ. ಕುಂಟೆ ಮುಚ್ಚೋದೇ ಸರಿ." ಕುಂಟೆ ಹೋದರೆ ಸೊಪ್ಪಿನ ಮಡಿ ಹೋಯಿತು, ನರಸಮ್ಮನ ಹೊಟ್ಟೆಪಾಡೂ ಹೋಯಿತು.

ಭಾನುವಾರ ಬೆಳಿಗ್ಗೆ ದೇವರ ಗೂಡು ತೊಳೆಯಲು ಹೋದವಳು, ಹಬ್ಬದಲ್ಲಿಟ್ಟು ಮರೆತಿದ್ದ ಕಳಶದ ಚೊಂಬನ್ನು ಎತ್ತಿಕೊಂಡಳು. ಮೇಲಿನ ಕಾಯಿ ತೆಗೆದದ್ದೇ ತಡ, ಅದೇ ನಾತ ಮುಖಕ್ಕೆ ಹೊಡೆಯಿತು! ಒಳಗೆ ಎಲೆ, ಹೂವು ಕೊಳೆತು ಲೋಳೆಯಾಗಿದ್ದವು. ಮನೆಯ ಕಳಶದ ಮೇಲೆ ಯಾರಿಗೆ ಮುನಿಸು? ನರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೊಂಬು ಹಿಡಿದು ಪಟೇಲನ ಮನೆಗೆ ಓಡಿದಳು.

"ಅಣ್ಣಯ್ಯ, ಇದನ್ನ ಮೂಸಿ ನೋಡಿ."

ಅಂಜಿನಯ್ಯ ಮೂಸಿ ಹಿಂದಕ್ಕೆ ಹಾರಿದ. "ಥೂ, ಕುಂಟೆ ನೀರು ಯಾಕವ್ವ ತಂದೆ?"

"ಕುಂಟೇದಲ್ಲ, ನಮ್ಮನೆ ಕಳಶದ್ದು. ಗಾಳಿ ಆಡ್ದೆ ಹೂವು ಕೊಳೆತ್ರೆ ಹಿಂಗೇ ಆಯ್ತದೆ. ಅಲ್ಲೂ ಮ್ಯಾಲೆ ಪಾಚಿ ಮುಚ್ಕೊಂಡೈತೆ, ತಳದಾಗೆ ನಾವೇ ಹಾಕಿದ ಹೂವು, ಬೇವು. ಆ ಬ್ಲಾಕುಗಳ ಹೊಸ ರಸ್ತೆ ಮಣ್ಣು ಬಿದ್ದು ಕುಂಟೆಗೆ ಬರೋ ಕಾಲುವೆ ಕಟ್ಕೊಂಡೈತೆ, ಹೊಸ ನೀರೇ ಬರ್ತಿಲ್ಲ. ಗಂಗಮ್ಮಂಗೆ ಉಸಿರು ಕಟ್ಟೈತೆ ಅಣ್ಣಯ್ಯ. ಮಣ್ಣು ಆಮ್ಯಾಕೆ ಹೊಡ್ಸೀರಂತೆ, ಮೊದ್ಲು ಅವಳು ಉಸಿರಾಡ್ಲಿ."

ಅಂಜಿನಯ್ಯ ಚೊಂಬನ್ನು ಇನ್ನೊಮ್ಮೆ ಮೂಸಿ, ಗಾಡಿಯವರನ್ನು ಕರೆಸಿದ.

ಸೋಮವಾರ ಗಾಡಿಗಳೇನೋ ಬಂದವು, ಆದರೆ ಖಾಲಿ ಬಂದವು. ಊರಿಗೆ ಊರೇ ಕುಂಟೆಗಿಳಿಯಿತು. ಪಾಚಿ ಎಳೆದರು, ಕಾಲುವೆ ಬಿಡಿಸಿದರು, ತಳದ ಕಪ್ಪು ರಾಡಿಯನ್ನು ಗಾಡಿಗೆ ತುಂಬಿ ನರಸಮ್ಮನ ಮಡಿಗೇ ಗೊಬ್ಬರವಾಗಿ ಸುರಿದರು. ಸೊಂಟದವರೆಗೆ ರಾಡಿ ಮೆತ್ತಿಕೊಂಡ ನರಸಮ್ಮ ಎಲ್ಲರಿಗಿಂತ ಮುಂದೆ ನಿಂತು ಗಂಡಸರನ್ನು ಗದರುತ್ತಿದ್ದಳು. ಆಮೇಲೆ ಮಳೆ ಹೊಡೆಯಿತು ನೋಡಿ, ಕಾಲುವೆಯಲ್ಲಿ ಕೆಂಪು ನೀರು ದುಡುದುಡು ಬಂದು ಕುಂಟೆ ಕೋಡಿ ಹರಿಯಿತು. ನಾತ ಹೋಯಿತು. ಮಣ್ಣಿನ ಮಾತನ್ನು ಅಂಜಿನಯ್ಯ ಮತ್ತೆ ಎತ್ತಲಿಲ್ಲ.

ಶುಕ್ರವಾರ ಬಂತು. ರೂಢಿಯಂತೆ ಹೂಬುಟ್ಟಿ ತಂದ ನರಸಮ್ಮ ಎಸೆಯಲು ಕೈಯೆತ್ತಿದವಳು ಹಾಗೇ ನಿಂತಳು. ಹೂವನ್ನೆಲ್ಲ ಏರಿಯ ಕಲ್ಲಿನ ಮೇಲೆ ಜೋಡಿಸಿ ಕೈಮುಗಿದಳು.

"ಕಣ್ಣಾಗೆ ನೋಡ್ಕೊ ನನ್ನವ್ವ, ಅಷ್ಟು ಸಾಕು. ಇನ್ಮ್ಯಾಕೆ ತಿನ್ನು ಅಂತ ಬಾಯಿಗೆ ತುರುಕಲ್ಲ."