ಬೀಗವಿಲ್ಲದ ಬಂಧನದ ದಾವೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಧುಗಿರಿಯ ಮುನ್ಸಿಫ್ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ಬರುತ್ತಿದ್ದದ್ದೆಲ್ಲ ಬದುವಿನ ಜಗಳ, ಪಾಲಿನ ವ್ಯಾಜ್ಯ. ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆ, ಅಂದರೆ ಫಾಲ್ಸ್ ಇಂಪ್ರಿಸನ್‌ಮೆಂಟ್ ಕೇಸು, ನನ್ನ ಕೈಗೆ ಮೊದಲ ಸಲ ಬಂದದ್ದು ಆಗಲೇ. ತಂದವನು ಕೊರಟಗೆರೆ ರಸ್ತೆಯ ಹಳ್ಳಿಯೊಂದರ ಕುರಿಗಾಹಿ ಕರಿಯಣ್ಣ.

ಅವನು ಆ ಊರಿನ ಪಟೇಲರ ಹೊಲದಲ್ಲಿ ಗೊಬ್ಬರಕ್ಕಾಗಿ ಒಂದು ರಾತ್ರಿ ಕುರಿಮಂದೆ ತರುಬಿ ನಿಲ್ಲಿಸಿದ್ದ. ಬೆಳಗ್ಗೆ ನೋಡಿದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಇಲ್ಲ. ಪಟೇಲಿಕೆ ರದ್ದಾಗಿ ಎಷ್ಟೋ ಕಾಲವಾಗಿತ್ತು, ದರ್ಪ ಮಾತ್ರ ರದ್ದಾಗಿರಲಿಲ್ಲ. ಪಟೇಲರು ಕರಿಯಣ್ಣನನ್ನು ಕರೆಸಿ ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿದರು. ಎದುರಿಗೆ ಅವನ ಮನೆದೇವರ ಭಂಡಾರದ ಅರಿಶಿನವಿಟ್ಟು, "ಕದ್ದಿದ್ದು ಒಪ್ಪೋಗಂಟ ಈ ಹೊಸ್ಲು ದಾಟಿದ್ರೆ ನಿನ್ ಮಕ್ಳು ಮಣ್ಣಾಗ್ಲಿ" ಎಂದು ಆಣೆ ಹಾಕಿ ತೋಟಕ್ಕೆ ಹೊರಟುಹೋದರು. ಬೀಗವಿಲ್ಲ, ಕಾವಲಿಲ್ಲ.

ಆ ಹೊತ್ತಿಗೆ ಕರಿಯಣ್ಣನ ತಾಯಿ ಹಾಸಿಗೆ ಹಿಡಿದಿದ್ದಳು. ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗತೊಡಗಿ ಮಗನನ್ನು ಕರೆದಳು. ಜನ ಬಂದು ಕೂಗಿದರು, ಅವನು ಏಳಲಿಲ್ಲ. ಹಾಕಿದ ಆಣೆಯನ್ನು ಹಾಕಿದವರೇ ತೆಗೆಯಬೇಕು. ಪಟೇಲರೋ ತೋಟದಿಂದ ಹಾಗೇ ಪೇಟೆಗೆ ಹೋಗಿದ್ದರು. ತಾಯಿ ತೀರಿಕೊಂಡಳು. ಹೆಣ ಅದೇ ಬೀದಿಯಲ್ಲಿ ಹೋಯಿತು. ಒಬ್ಬನೇ ಮಗ ಪಡಸಾಲೆಯಲ್ಲಿ ಕೂತು ತಮಟೆಯ ಸದ್ದು ಕೇಳಿದ.

ಮರುದಿನ ಗೊತ್ತಾಯಿತು, ಸ್ಟಾರ್ಟರನ್ನು ಪಟೇಲರ ಮಗನೇ ರಿಪೇರಿಗೆಂದು ಸಿರಾಕ್ಕೆ ಒಯ್ದಿದ್ದ! "ಸರಿ, ಎದ್ದೋಗೋ" ಎಂದು ಪಟೇಲರು ಆಣೆ ತೆಗೆದರಂತೆ. ಅಷ್ಟೇ. ಅಯ್ಯೋ ಎನ್ನುವ ಮಾತೂ ಇಲ್ಲ.

"ಹೆತ್ತವ್ವನ ಹೆಣಕ್ಕೆ ಎದ್ದು ಬರದವನು" ಎಂದು ಊರು ಕರಿಯಣ್ಣನನ್ನೇ ಆಡಿಕೊಳ್ಳುತ್ತಿತ್ತು. "ದುಡ್ಡು ಬ್ಯಾಡಿ ಸಾಮಿ. ನಾ ಏಳಕ್ಕಾಯ್ತಿರ್ಲಿಲ್ಲ ಅಂತ ಕೋರ್ಟ್ನಾಗೆ ಹೇಳ್ಸಿ, ಸಾಕು" ಎಂದ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಂದೇ ವಕಾಲತ್ತು ಹಾಕಿಸಿಕೊಂಡೆ.

ಇಂಥ ದಾವೆಯನ್ನು ಬಿಡುಗಡೆಯಾದ ಒಂದು ವರ್ಷದೊಳಗೆ ಹೂಡಬೇಕು. ಆ ವಿಷಯದಲ್ಲಿ ನಾವು ಭದ್ರವಾಗಿದ್ದೆವು. ಬಂಧನಕ್ಕೆ ಹಗ್ಗ, ಬೀಗ ಇರಲೇಬೇಕೆಂದೂ ಕಾನೂನು ಹೇಳುವುದಿಲ್ಲ. ಬೆದರಿಸಿ ಎತ್ತಲೂ ಕದಲದಂತೆ ಮಾಡಿದರೂ ಬಂಧನವೇ. ಆದರೆ ದೇವರ ಆಣೆ ಬೆದರಿಕೆಯೇ? ಹಿರಿಯ ವಕೀಲರೊಬ್ಬರು, "ಅದು ಮೂಢನಂಬಿಕೆ ಕಣಯ್ಯ, ಬಂಧನ ಅಲ್ಲ" ಎಂದು ನಕ್ಕಿದ್ದರು.

ಪಾಟೀಸವಾಲಿನಲ್ಲಿ ಎದುರಿನ ವಕೀಲರು ಕರಿಯಣ್ಣನನ್ನು ಕೇಳಿದ್ದೂ ಅದನ್ನೇ. "ಬಾಗಿಲು ತೆಗೆದಿತ್ತೋ ಇಲ್ಲವೋ?"

"ತಗ್ದೇ ಇತ್ತು ಸಾಮಿ."

"ಯಾರಾದರೂ ಹಿಡಿದುಕೊಂಡಿದ್ದರೇ?"

"ಇಲ್ಲ. ಎಲ್ಡು ಮಕ್ಳವೆ ನಂಗೆ. ಹೆಂಗೆ ಏಳ್ಲಿ?"

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಮೈ ಉರಿದುಹೋಯಿತು.

ಪಟೇಲರ ಸರದಿ ಬಂತು. ಕರಿಯಣ್ಣ ತಾನಾಗಿಯೇ ಬಂದು ಕೂತಿದ್ದ, ಆಣೆ ಊರಿನ ಪದ್ಧತಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೇ ಅವರ ವಾದ. ನಾನು ಮೆಲ್ಲಗೆ ಕೇಳಿದೆ: "ಕಳ್ಳ ಅಂತ ಕೂರಿಸಿದವನನ್ನು ಕಾವಲಿಲ್ಲದೆ ಬಿಟ್ಟು ತೋಟಕ್ಕೆ ಹೋದಿರಲ್ಲ, ಓಡಿಹೋದಾನು ಅನ್ನೋ ಹೆದರಿಕೆ ಆಗಲಿಲ್ಲವೇ ಗೌಡರೇ?"

ಪಟೇಲರಿಗೆ ನಗು ಬಂತು. "ಎಲ್ಲಿಗೋಯ್ತನೆ? ನಾನ್ ಆಣೆ ಹಾಕಿವ್ನಲ್ಲ! ಅವ್ರಪ್ಪ ಬಂದ್ರೂ ಏಳಂಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುನ್ಸಿಫರು ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ದಾವೆ ನಮ್ಮ ಪರವಾಯಿತು. ಎದ್ದು ಹೋಗಲಾರನೆಂದು ತಿಳಿದೇ ಪ್ರತಿವಾದಿ ಈ ಉಪಾಯ ಮಾಡಿದ್ದು, ಆದ್ದರಿಂದ ಇದು ಬಂಧನವೇ ಎಂದು ತೀರ್ಪಾಯಿತು.

ಆಮೇಲೆ ಇಂಥ ಯಾವ ಕೇಸು ಬಂದರೂ, ಬಾಗಿಲ ವಿಚಾರಕ್ಕೆ ಮೊದಲು, "ಎದ್ದು ಹೋದರೆ ಏನಾಗುತ್ತೆ ಅಂತ ಹೆದರಿದ್ದಿರಿ?" ಎಂದು ಕಕ್ಷಿದಾರರನ್ನು ಕೇಳುವುದನ್ನು ಕಲಿತೆ. ದಾವೆ ಗೆಲ್ಲಲು ಅದು ಸಾಕಾಗುತ್ತಿತ್ತು. ಗೆದ್ದ ಮೇಲೆ ಏನೆನ್ನಬೇಕೆಂದು ಮಾತ್ರ ಈ ವೃತ್ತಿ ನನಗೆ ಕಲಿಸಲಿಲ್ಲ.

ತೀರ್ಪಿನ ದಿನ ನಾನು ಹಿಗ್ಗಿನಿಂದ ಕರಿಯಣ್ಣನ ಬೆನ್ನು ತಟ್ಟಿ, "ಗೆದ್ದೆ ಕಣಯ್ಯ, ಇನ್ನು ಊರು ಬಾಯಿ ಮುಚ್ಚುತ್ತೆ" ಎಂದೆ. ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೂತ.

"ಊರ್ಗೇನೋ ಗೊತ್ತಾಯ್ತು ಸಾಮಿ," ಎಂದ. "ನಮ್ಮವ್ವ ಮಾತ್ರ, ಕರೆದ್ರೂ ಬರ್ಲಿಲ್ಲ ನನ್ಮಗ ಅಂತ್ಲೇ ಹೋಗ್ಬುಟ್ಲು."